ಮೊದಲು ಶ್ರುತಿ, ಆಮೇಲೆ ತಂತಿ

ಮಲಗಿಸಿಟ್ಟು, ತಂತಿಯ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಹವಾಯನ್ ಗಿಟಾರ್‌ಗೆ ಯಾವ ತಂತಿ ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನೀವು ಯಾರ ಹಾಡಿಗೆ ನುಡಿಸುತ್ತೀರಿ? ಅವರ ಷಡ್ಜ, ಅಂದರೆ ಸಾ, ಎಲ್ಲಿದೆ? ಬಹಳ ಜನರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸುತ್ತದೆ. ಅವರಿಗೆ ಬೇಕಿರುವುದು ಒಂದು ಸೆಟ್ಟಿನ ಹೆಸರು, ಒಂದು ನಂಬರು. ಆದರೆ ಸೆಟ್ಟಿನ ಪ್ಯಾಕೆಟ್ ಮೇಲಿರುವ ನಂಬರುಗಳನ್ನು ಬೇರೆ ಯಾವುದೋ ಶ್ರುತಿಗೆ, ಬೇರೆ ಯಾವುದೋ ಸಂಗೀತಕ್ಕೆ ಅಂತ ಲೆಕ್ಕ ಹಾಕಿರುತ್ತಾರೆ. ಬಳ್ಳಾರಿಯಲ್ಲಿ ಕೂತು ವಚನಕ್ಕೋ ದಾಸರ ಪದಕ್ಕೋ ನುಡಿಸುವವರು ಆ ಲೆಕ್ಕವನ್ನು ಸ್ವಂತಕ್ಕೆ ಮತ್ತೆ ಹಾಕಿಕೊಳ್ಳಬೇಕು. ಅದು ಕಷ್ಟದ ಕೆಲಸವಲ್ಲ, ಆದರೆ ಮಾಡಲೇಬೇಕಾದ ಕೆಲಸ.

ನಮ್ಮ ಕಡೆ ಈ ವಾದ್ಯಕ್ಕೆ ಒಂಟಿಯಾಗಿ ಕಛೇರಿ ಸಿಗುವುದು ಅಪರೂಪ. ಹಾಡುವವರ ಪಕ್ಕ, ಪೇಟಿ (ಹಾರ್ಮೋನಿಯಂ) ಮತ್ತು ತಬಲಾ ಜೊತೆ ಕೂತು ನುಡಿಸುವುದೇ ಜಾಸ್ತಿ. ಬಳ್ಳಾರಿ ರಾಘವರ ಊರಿದು, ಸುಭದ್ರಮ್ಮ ಮನ್ಸೂರರ ಊರಿದು. ರಂಗಗೀತೆ ಕೇಳಿ ಬೆಳೆದ ಕಿವಿಗಳು ಇಲ್ಲಿವೆ. ಪಕ್ಕದ ರಾಯಚೂರಿಗೆ ಹೋದರೆ ವಿಜಯದಾಸರು, ಜಗನ್ನಾಥದಾಸರ ಪದಗಳು. ಕೊಪ್ಪಳ ದಾಟಿ ಗದಗಿನ ಕಡೆ ಹೋದರೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರ ಹಿಂದೂಸ್ತಾನಿ ಗಾಯನ. ಆಂಧ್ರದ ಗಡಿ ಇಲ್ಲೇ ಇರುವುದರಿಂದ ಕರ್ನಾಟಕ ಸಂಗೀತ ಕಲಿತವರೂ ಬೇಕಾದಷ್ಟು ಸಿಗುತ್ತಾರೆ. ಹೀಗಾಗಿ ಒಂದೇ ಪೆಂಡಾಲಿನಲ್ಲಿ ಒಬ್ಬರು "ಕಪ್ಪು ಒಂದು" ಅನ್ನುತ್ತಾರೆ, ಅದೇ ಶ್ರುತಿಗೆ ಇನ್ನೊಬ್ಬರು "ಒಂದೂವರೆ ಮನೆ" ಅನ್ನುತ್ತಾರೆ. ಎರಡೂ ಸಿ ಶಾರ್ಪೇ. ಗಂಡಸರು ಸಾಮಾನ್ಯವಾಗಿ ಅಲ್ಲೋ, ಇಲ್ಲ ಡಿ ಹತ್ತಿರವೋ ಹಾಡುತ್ತಾರೆ. ಹೆಂಗಸರು ಕಪ್ಪು ನಾಲ್ಕು, ಅಂದರೆ ಜಿ ಶಾರ್ಪ್, ಇಲ್ಲಾಂದರೆ ಎ. ಈ ಎರಡು ಜಾಗಗಳನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಸ್ಟೀಲ್ ಗಿಟಾರ್ ಹುಟ್ಟಿದ್ದು ಹವಾಯಿಯಲ್ಲಿ. 1880ರ ದಶಕದ ಕೊನೆಯ ಹೊತ್ತಿಗೆ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರನ್ನು ತೊಡೆ ಮೇಲೆ ಮಲಗಿಸಿ, ತಂತಿಯ ಮೇಲೆ ಕಬ್ಬಿಣದ ತುಂಡು ಜಾರಿಸಿ ನುಡಿಸಿದ ಅನ್ನುತ್ತಾರೆ. 1940ರ ದಶಕದಲ್ಲಿ ಹವಾಯಿಯಿಂದ ಬಂದ ಟೌ ಮೋ ಕೋಲ್ಕತ್ತದಲ್ಲಿ ನೆಲೆಸಿದ್ದರು. ಅಲ್ಲಿಂದ ಬಂಗಾಳದಲ್ಲಿ ಈ ವಾದ್ಯ ಮನೆಮನೆಗೆ ಹಬ್ಬಿತು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಬಹುದು ಅಂತ ತೋರಿಸಿದರು. 1967ರಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ್ ಚೌರಾಸಿಯಾ ಜೊತೆ ಅವರು ಮಾಡಿದ ಧ್ವನಿಮುದ್ರಿಕೆಯನ್ನು ಇವತ್ತಿಗೂ ಜನ ಕೇಳುತ್ತಾರೆ. ವಿಶ್ವಮೋಹನ ಭಟ್ಟರು ತಂತಿಗಳನ್ನು ಹೆಚ್ಚಿಸಿ ಮೋಹನ ವೀಣೆ ಮಾಡಿಕೊಂಡರು, 1994ರಲ್ಲಿ ಗ್ರ್ಯಾಮಿ ಪಡೆದರು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ವಾದ್ಯ ಬಂದಾಗ ಅದರ ಜೊತೆಗೆ ಅದರ ಶ್ರುತಿಕ್ರಮವೂ ಬಂತು. ಹವಾಯಿಯವರಿಗೆ ಬೇಕಾಗಿದ್ದು ಒಂದೇ ಎಳೆತಕ್ಕೆ ಇಡೀ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ. ಅದಕ್ಕೇ ಅವರು ಬಾರ್ ಇಡದೆ ಬಿಟ್ಟ ತಂತಿಗಳಲ್ಲೇ ಮೇಜರ್ ಕಾರ್ಡ್ (ಸಾ, ಗಾ, ಪಾ) ಬರುವ ಹಾಗೆ ಕೂಡಿಸಿದರು. ಆಮೇಲೆ ಸಿ-ಸಿಕ್ಸ್ತ್ ಎಂಬ ಶ್ರುತಿಕ್ರಮ ಬಂತು. ಅದರಲ್ಲಿ ಪಂಚಮದ ಪಕ್ಕದಲ್ಲೇ ಧೈವತದ ತಂತಿ ಇರುತ್ತದೆ. ಅವರ ಹಾಡಿಗೆ ಅದು ತುಂಬಾ ಸೊಗಸು. ನಮ್ಮಲ್ಲಿ ಷಡ್ಜ ಪಂಚಮ ಮೀಟಿ ರಾಗ ಎಳೆಯುವಾಗ ಆ ಧೈವತ ಪಕ್ಕದಲ್ಲಿ ಮಿಡಿದರೆ ಕೇಳುವವರಿಗೆ ಕಿರಿಕಿರಿ.

ಅದಕ್ಕೇ ನಾನು ಹೊಸಬರಿಗೆ ಓಪನ್ ಡಿ ಎಂಬ ಕ್ರಮದಿಂದ ಶುರು ಮಾಡಿ ಅನ್ನುತ್ತೇನೆ. ದಪ್ಪ ತಂತಿಯಿಂದ ಸಣ್ಣದಕ್ಕೆ ಬಂದರೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಮಾತಲ್ಲಿ ಸಾ, ಪಾ, ಸಾ, ಗಾ, ಪಾ, ಸಾ. ಐದು ತಂತಿಗಳು ಷಡ್ಜ ಪಂಚಮಗಳೇ. ತಂಬೂರಿ ಕೇಳಿ ಬೆಳೆದವರಿಗೆ ಇದು ಮನೆಯ ವಾತಾವರಣ. ಸಮಸ್ಯೆ ಇರುವುದೆಲ್ಲ ಸಣ್ಣ ತಂತಿಯ ಕಡೆಯಿಂದ ಎಣಿಸಿದರೆ ಬರುವ ಮೂರನೇ ತಂತಿಯಲ್ಲಿ, ಆ ಗಂಧಾರದಲ್ಲಿ.

ನಮ್ಮ ವೇದಿಕೆಗಳಲ್ಲಿ ಪದೇಪದೇ ಬರುವ ರಾಗಗಳನ್ನು ನೆನಪಿಸಿಕೊಳ್ಳಿ. ಭೀಮಪಲಾಸ್, ಕಾಫಿ, ಮಾಲ್ಕೌನ್ಸ್, ಕೊನೆಗೆ ಭೈರವಿ. ಎಲ್ಲದರಲ್ಲೂ ಗಂಧಾರ ಕೋಮಲ, ಅಂದರೆ ಅರ್ಧ ಸ್ವರ ಇಳಿದದ್ದು. ಓಪನ್ ಡಿಯ ಗಂಧಾರ ಶುದ್ಧ. ನೀವು ಆ ತಂತಿ ಮುಟ್ಟದೇ ಇದ್ದರೂ ಪಕ್ಕದ ತಂತಿ ನುಡಿದಾಗ ಅದು ಸಣ್ಣಗೆ ಮಿಡಿಯುತ್ತದೆ. ಬಾರ್ ಹಿಂದೆ ಎಡಗೈ ಬೆರಳುಗಳನ್ನು ಮಲಗಿಸಿ ಅದನ್ನು ಅದುಮಬಹುದು, ಬಲಗೈ ಅಂಗೈಯಿಂದಲೂ ಅದುಮಬಹುದು. ಹಾಗೆ ಮಾಡುತ್ತಾ ಕೂತರೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಕಡೆ ಗಮನ ಕೊಡುವುದು ಯಾವಾಗ? ಯಮನ್, ಖಮಾಜ್, ಪಹಾಡಿ ನುಡಿಸುವಾಗ ಅದೇ ತಂತಿ ಎಷ್ಟು ಒದಗುತ್ತದೆ ಅಂದರೆ ಅದನ್ನು ಬಿಡಲೂ ಮನಸ್ಸಾಗುವುದಿಲ್ಲ. ಹಾಗಾಗಿ ಮೂರನೇ ತಂತಿ ಓಡಾಡುವ ತಂತಿ. ಶುದ್ಧ ಗಂಧಾರದ ರಾಗಕ್ಕೆ ಎಫ್ ಶಾರ್ಪ್. ಕೋಮಲ ಗಂಧಾರದ ರಾಗಕ್ಕೆ ಒಂದು ಮನೆ, ಅಂದರೆ ಗಿಟಾರಿನ ಒಂದು ಫ್ರೆಟ್‌ನಷ್ಟು, ಇಳಿಸಿ ಎಫ್. ಎರಡು ಬಗೆಯ ಹಾಡೂ ಬೆರೆತು ಬರುವ ದಿನ ಒಂದು ಮನೆ ಏರಿಸಿ ಜಿ, ಅಂದರೆ ಮಧ್ಯಮ. ಈ ಮೂರೂ ಜಾಗದಲ್ಲಿ ಸಡಿಲವಾಗದೆ, ಬಿರುಸೂ ಆಗದೆ ನಿಲ್ಲುವ ತಂತಿ ಯಾವುದು ಅಂತ ಹುಡುಕುವುದರಿಂದಲೇ ನನ್ನ ಸೆಟ್ಟು ಶುರುವಾಗುತ್ತದೆ. ಮೊದಲು ಮೂರನೆಯದು, ಆಮೇಲೆ ಮಿಕ್ಕ ಐದು.

ಗೇಜ್ ಅಂದರೆ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. 14 ಅಂದರೆ 0.014 ಇಂಚು. ಸ್ವರ ಯಾವುದು ಅನ್ನುವುದನ್ನು ತಂತಿಯ ಉದ್ದ, ಬಿಗಿತ ಮತ್ತು ತೂಕ ಸೇರಿ ತೀರ್ಮಾನಿಸುತ್ತವೆ. ಫ್ರಾನ್ಸಿನ ಮರ್ಸೆನ್ 1636ರಲ್ಲೇ ಈ ನಿಯಮಗಳನ್ನು ಬರೆದಿಟ್ಟಿದ್ದಾನೆ. ನಮಗೆ ಬೇಕಾದ ಭಾಗ ಇಷ್ಟು. ಅದೇ ಸ್ವರ, ಅದೇ ಉದ್ದ ಇಟ್ಟುಕೊಂಡು ತಂತಿ ದಪ್ಪ ಮಾಡಿದರೆ ಬಿಗಿತ ದಪ್ಪದ ವರ್ಗದಷ್ಟು ಏರುತ್ತದೆ. 12ರ ಬದಲು 13 ಹಾಕಿದರೆ ನೂರಕ್ಕೆ 17 ಜಾಸ್ತಿ. ಅದೇ ತಂತಿಯನ್ನು ಒಂದು ಮನೆ ಏರಿಸಿದರೆ ನೂರಕ್ಕೆ 12, ಎರಡು ಮನೆ ಏರಿಸಿದರೆ ನೂರಕ್ಕೆ 26 ಜಾಸ್ತಿ.

ಈಗ ಅಂಗಡಿಯಲ್ಲಿ ಸಿಗುವ 12ರ ಸೆಟ್ಟು, ಅಂದರೆ ಮೊದಲನೇ ತಂತಿ 12 ಗೇಜ್ ಇರುವುದು, ನೋಡೋಣ. ತಂತಿಯುದ್ದ 25.5 ಇಂಚಿರುವ ಗಿಟಾರಿನಲ್ಲಿ ಮೊದಲನೇ ತಂತಿಯನ್ನು ಮಾಮೂಲಿ ಇಗೆ ಕೂಡಿಸಿದರೆ ಸುಮಾರು 10.6 ಕಿಲೋ ಎಳೆತ ಇರುತ್ತದೆ. ಅದನ್ನೇ ನಮ್ಮ ಡಿಗೆ ಇಳಿಸಿದರೆ 8.4 ಕಿಲೋಗೆ ಬರುತ್ತದೆ. ಬೆರಳಲ್ಲಿ ಒತ್ತಿ ನುಡಿಸುವವರಿಗೆ ಇದು ಹಿತ. ಬಾರ್ ಇಟ್ಟು ನುಡಿಸುವವರಿಗೆ ತೊಂದರೆ. ಇನ್ನೂರು ಗ್ರಾಂ ಮೀರಿದ ಉಕ್ಕಿನ ಬಾರನ್ನು ಸಡಿಲ ತಂತಿಯ ಮೇಲಿಟ್ಟರೆ ತಂತಿ ಬಾಗುತ್ತದೆ, ಸ್ವರ ಏರುತ್ತದೆ. ಕೈ ಭಾರ ಸ್ವಲ್ಪ ಹೆಚ್ಚುಕಡಿಮೆ ಆದರೂ ಸ್ವರ ಅಲ್ಲಾಡುತ್ತದೆ. ಅದೇ ಜಾಗಕ್ಕೆ 14 ಹಾಕಿ ನೋಡಿ, 11.4 ಕಿಲೋ ಬರುತ್ತದೆ. ಬಾರ್ ಕೆಳಗೆ ತಂತಿ ನೆಟ್ಟಗೆ ನಿಲ್ಲುತ್ತದೆ. ಮೀಟಿದ ನಾದ ಮೀಂಡಿನ ಕೊನೆವರೆಗೂ ಉಳಿಯುತ್ತದೆ. ಷಡ್ಜದಿಂದ ಪಂಚಮದವರೆಗೆ ಒಂದೇ ಮೀಟಿನಲ್ಲಿ ಎಳೆದಾಗ ಕೊನೆಗೆ ಸ್ವರ ಸತ್ತುಹೋಗುತ್ತದೆ ಅಂತ ಗೊಣಗುವವರು ಗಿಟಾರನ್ನು ಬೈಯುವ ಮೊದಲು ತಂತಿ ನೋಡಿಕೊಳ್ಳಲಿ.

ನಾನು ಡಿಗೆ ಹಾಕುವ ಸೆಟ್ಟು ಇದು: 14, 19, 24, 32, 42, 56. ಮೊದಲೆರಡು ಸಾದಾ ತಂತಿ, ಉಳಿದವು ಉಕ್ಕಿನ ಎಳೆಯ ಮೇಲೆ ಬೇರೆ ಎಳೆ ಸುತ್ತಿದ ಸುತ್ತು ತಂತಿ. ಹೆಚ್ಚುಕಡಿಮೆ ಎಲ್ಲ ತಂತಿಗೂ 11, 12 ಕಿಲೋ ಆಸುಪಾಸಿನ ಎಳೆತ ಬರುತ್ತದೆ, ಆರನೆಯದು ಮಾತ್ರ ಸ್ವಲ್ಪ ಹಗುರ. ಈ ಸಮತೂಕ ಬಹಳ ಮುಖ್ಯ. ಬಾರ್ ಒಂದೇ, ಅದರ ಕೆಳಗೆ ತಂತಿ ಆರು. ಒಂದು ಬಿಗಿ ಇನ್ನೊಂದು ಸಡಿಲ ಆದರೆ ಬಾರ್ ನೇರ ಇಟ್ಟರೂ ಸ್ವರಗಳು ನೇರ ಬರುವುದಿಲ್ಲ.

ಮೂರನೇ ತಂತಿ 24 ಯಾಕೆ? ಎಫ್ ಶಾರ್ಪ್‌ನಲ್ಲಿ ಅದಕ್ಕೆ 11 ಕಿಲೋ ಚಿಲ್ಲರೆ. ಎಫ್‌ಗೆ ಇಳಿಸಿದರೆ 10, ಜಿಗೆ ಏರಿಸಿದರೆ 12.7. ಮೂರೂ ಕಡೆ ಕೈಗೆ ಒಗ್ಗುತ್ತದೆ. ಎರಡನೆಯದಕ್ಕೆ 18 ಸಾಕು ಅನ್ನುವವರಿದ್ದಾರೆ. ಪಂಚಮದಲ್ಲೇ ಇರುವವರೆಗೆ ಅವರ ಮಾತು ಸರಿ. ಮಾಲ್ಕೌನ್ಸ್ ಬಂದರೆ ಪಂಚಮವೇ ಇಲ್ಲ, ಆ ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು. ಆಗ 18 ಎಂಟು ಕಿಲೋ ಚಿಲ್ಲರೆಗೆ ಬಂದು ಜೋಲುತ್ತದೆ. 19 ಒಂಬತ್ತರ ಮೇಲೆ ನಿಲ್ಲುತ್ತದೆ. ನಮ್ಮ ಕಡೆ ಮಾಲ್ಕೌನ್ಸ್ ಬೇಡ ಅನ್ನುವ ಸಭೆ ನಾನು ನೋಡಿಲ್ಲ, ಅದಕ್ಕೇ 19.

ಷಡ್ಜ ಕಪ್ಪು ಒಂದಕ್ಕೆ ಇಳಿಯಿತು ಅಂದರೆ ಎಲ್ಲ ತಂತಿಯೂ ನೂರಕ್ಕೆ 11ರಷ್ಟು ಸಡಿಲವಾಗುತ್ತದೆ. ಕಾರ್ಯಕ್ರಮವೆಲ್ಲ ಅದೇ ಶ್ರುತಿಯಲ್ಲಿ ಅಂತ ಗೊತ್ತಿದ್ದರೆ ಒಂದೊಂದು ಗೇಜ್ ದಪ್ಪ ಮಾಡಿಕೊಳ್ಳಿ, 14ರ ಬದಲು 15. ಹೆಂಗಸರ ಶ್ರುತಿ ಬಂದರೆ ಕಥೆ ಬೇರೆ. ಎಯನ್ನು ಷಡ್ಜ ಮಾಡಿಕೊಂಡು ಮೊದಲನೇ ತಂತಿಯನ್ನು ಅಲ್ಲಿಗೆ ಏರಿಸಲು ಹೋದರೆ ಆಗದ ಮಾತು. ಅದಕ್ಕೆ ಹವಾಯಿಯವರ ಹಳೆಯ ಕ್ರಮವೇ ಇದೆ. ಇ, ಎ, ಇ, ಎ, ಸಿ ಶಾರ್ಪ್, ಇ. ಅಂದರೆ ಪಾ, ಸಾ, ಪಾ, ಸಾ, ಗಾ, ಪಾ. ಮೇಲಿನ ತಂತಿ ಪಂಚಮವಾಗುತ್ತದೆ, ಷಡ್ಜ ಮೂರನೇ ತಂತಿಗೆ ಬರುತ್ತದೆ, ಓಡಾಡುವ ಗಂಧಾರ ಎರಡನೆಯದಕ್ಕೆ. ಇದಕ್ಕೆ ಮೊದಲನೆಯದು 13, ಎರಡನೆಯದು 15 ಸರಿಹೋಗುತ್ತದೆ. ಶುರುವಿನಲ್ಲಿ ಕೈ ಗಲಿಬಿಲಿಗೊಳ್ಳುತ್ತದೆ ನಿಜ. ಆದರೆ ಹಾಡುವವರ ತಾರಷಡ್ಜ ಮೊದಲನೇ ತಂತಿಯ ಐದನೇ ಮನೆಯಲ್ಲೇ ಸಿಗುವುದರಿಂದ ಬಾರ್ ಬ್ರಿಡ್ಜ್ (ಕೆಳಗಿನ ಕುದುರೆ) ಕಡೆ ಓಡುವ ಗೋಜಿರುವುದಿಲ್ಲ. ಎರಡು ಗಿಟಾರ್ ಇಟ್ಟುಕೊಳ್ಳುವ ಅನುಕೂಲ ಇದ್ದವರು ಒಂದನ್ನು ಡಿಗೆ, ಇನ್ನೊಂದನ್ನು ಎಗೆ ಮೀಸಲಿಟ್ಟರೆ ಇನ್ನೂ ಒಳ್ಳೆಯದು.

ತಂತಿ ಹರಿಯುವ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ದಪ್ಪ ತಂತಿ ಹಾಕಿದರೆ ಇನ್ನೂ ಮೇಲಿನ ಸ್ವರಕ್ಕೆ ಎಳೆಯಬಹುದು ಅಂತ ಬಹಳ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ದಪ್ಪ ಹೆಚ್ಚಾದಾಗ ತಡೆಯುವ ಶಕ್ತಿ ಹೆಚ್ಚುತ್ತದೆ, ಆದರೆ ಅದೇ ಸ್ವರಕ್ಕೆ ಬೇಕಾದ ಎಳೆತವೂ ಅಷ್ಟೇ ಹೆಚ್ಚುತ್ತದೆ. ಸಾದಾ ಉಕ್ಕಿನ ತಂತಿ ಯಾವ ಸ್ವರದಲ್ಲಿ ಹರಿಯುತ್ತದೆ ಅನ್ನುವುದು ಬಹುಪಾಲು ಅದರ ಉದ್ದದ ಮೇಲೆ ನಿಂತಿದೆ. ಪೆಡಲ್ ಸ್ಟೀಲ್ (ಕಾಲಲ್ಲಿ ಪೆಡಲ್ ಒತ್ತಿ ತಂತಿಯ ಸ್ವರ ಬದಲಿಸುವ ಸ್ಟೀಲ್ ಗಿಟಾರ್) ನುಡಿಸುವ ಅಮೆರಿಕದವರು ಇ-ನೈನ್ತ್ ಕ್ರಮದಲ್ಲಿ ಮೂರನೇ ತಂತಿಯನ್ನು 24 ಇಂಚಿನ ಉದ್ದಕ್ಕೆ ಮೇಲಿನ ಜಿ ಶಾರ್ಪ್‌ಗೆ ಕೂಡಿಸಿ, ಪೆಡಲ್ ಒತ್ತಿ ಎವರೆಗೂ ಒಯ್ಯುತ್ತಾರೆ. ಅದು ಉಕ್ಕು ತಡೆಯುವ ಮಿತಿಯ ಹತ್ತಿರವೇ ಇದೆ. ಅದಕ್ಕೇ ಅವರಲ್ಲಿ ಮೊದಲು ಹರಿಯುವುದು ಆ ತಂತಿಯೇ. ನಿಮ್ಮ ವಾದ್ಯದ ಉದ್ದ ಕಡಿಮೆಯಿದ್ದರೆ, ಉದಾಹರಣೆಗೆ 22.5 ಇಂಚಿನ ಲ್ಯಾಪ್ ಸ್ಟೀಲ್ ಇದ್ದರೆ, ಅದೇ ಸ್ವರಕ್ಕೆ ಎಳೆತ ನೂರಕ್ಕೆ 22ರಷ್ಟು ಇಳಿಯುತ್ತದೆ. ಅದಕ್ಕೆ ನನ್ನ ಮೇಲಿನ ಸೆಟ್ಟು ಹೊಂದುವುದಿಲ್ಲ, ಇನ್ನೂ ದಪ್ಪ ಬೇಕು. ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗೆ ಟೇಪ್ ಹಿಡಿದು ಅಳೆಯದೆ ತಂತಿ ತರಿಸಬೇಡಿ.

ಸಾಮಾನ್ಯ ಗಿಟಾರಿಗೆ ತಂತಿ ಎತ್ತರಿಸುವ ನಟ್ ರೈಸರ್ ಹಾಕಿ ಹವಾಯನ್ ಮಾಡಿಕೊಂಡವರು ಇನ್ನೊಂದು ಎಚ್ಚರ ವಹಿಸಬೇಕು. 12ರ ಸೆಟ್ಟನ್ನು ಮಾಮೂಲಿ ಶ್ರುತಿಗೆ ಕೂಡಿಸಿದರೇ ಒಟ್ಟು ಎಳೆತ 70 ಕಿಲೋ ದಾಟುತ್ತದೆ. ಡೋಬ್ರೋ (ಒಳಗೆ ಲೋಹದ ತಟ್ಟೆ ಇರುವ ಗಿಟಾರ್) ನುಡಿಸುವವರ ಜಿ ಕ್ರಮಕ್ಕೆ ಹೋದರೆ ಆರನೇ ತಂತಿ ಮೂರು ಮನೆ ಏರುತ್ತದೆ, ಅದರ ಎಳೆತ ನೂರಕ್ಕೆ 41 ಜಾಸ್ತಿ ಆಗುತ್ತದೆ. ಅಂಥ ಎಳೆತಕ್ಕೇ ಚೌಕ ಕತ್ತಿನ ಗಿಟಾರ್ ಇರುವುದು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೋಣೆಯಲ್ಲೋ, ಬಿಸಿಲಿಗೆ ನಿಂತ ಕಾರಿನಲ್ಲೋ ಗಿಟಾರ್ ಬಿಟ್ಟರೆ ಒಳಗಿನ ಅಂಟು ಮೆತ್ತಗಾಗುತ್ತದೆ, ಬ್ರಿಡ್ಜ್ ಎದ್ದು ಬರುತ್ತದೆ. ನಮ್ಮ ಊರಿನ ಬಿಸಿಲು ಗೊತ್ತಲ್ವಾ. ಏಪ್ರಿಲ್, ಮೇನಲ್ಲಿ ತಂತಿ ಸಡಿಲಿಸಿ ಇಡುವುದೇ ವಾಸಿ.

ಬಿಸಿಲು ಶ್ರುತಿಯನ್ನೂ ಕೆಡಿಸುತ್ತದೆ. ಉಕ್ಕು ಕಾದರೆ ಹಿಗ್ಗುತ್ತದೆ, ಮರ ಅಷ್ಟು ಹಿಗ್ಗುವುದಿಲ್ಲ. ಲೆಕ್ಕ ಹಾಕಿದರೆ ಹತ್ತು ಡಿಗ್ರಿ ಏರಿಕೆಗೆ ಮೊದಲನೇ ತಂತಿ ಸುಮಾರು 15ರಿಂದ 20 ಸೆಂಟ್ ಇಳಿಯುತ್ತದೆ. ಒಂದು ಮನೆಗೆ 100 ಸೆಂಟ್ ಅಂದುಕೊಂಡರೆ ಇದು ಕಿವಿಗೆ ಚೆನ್ನಾಗಿ ಕೇಳುವಷ್ಟು. ಸುತ್ತು ತಂತಿಗಳು ಇಳಿಯುವ ಪ್ರಮಾಣವೇ ಬೇರೆ, ಹಾಗಾಗಿ ತಂತಿ ತಂತಿಗೆ ಹೊಂದಿಕೆ ತಪ್ಪುತ್ತದೆ. ಮನೆಯಲ್ಲಿ ಶ್ರುತಿ ಮಾಡಿ ಹೋಗುವುದರಲ್ಲಿ ಅರ್ಥವಿಲ್ಲ. ಪೆಂಡಾಲಿಗೆ ಬೇಗ ಹೋಗಿ, ಗಿಟಾರನ್ನು ಚೀಲದಿಂದ ತೆಗೆದು, ಲೈಟಿನ ಶಾಖಕ್ಕೆ ಒಗ್ಗಲು ಬಿಟ್ಟು ಆಮೇಲೆ ಕೂಡಿಸಬೇಕು. ಸಂಗನಕಲ್ಲಿನ ಹತ್ತಿರ ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಕರಿಗಲ್ಲುಗಳಿವೆ, ಶಿಲಾಯುಗದ ಜನ ಬಡಿದ ಗುರುತು ಅವುಗಳ ಮೇಲೆ ಈಗಲೂ ಇದೆ. ಅಲ್ಲಿಗೆ ಹೋದಾಗಲೆಲ್ಲ ಅವರಿಗೆ ಶ್ರುತಿ ಮಾಡುವ ಕೆಲಸವೇ ಇರಲಿಲ್ಲವಲ್ಲ ಅಂತ ನೆನೆಯುತ್ತೇನೆ.

ಬಿಡಿ ತಂತಿ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಂಗಡಿಗೆ ಹೋದರೆ 10, 11, 12ರ ಸೆಟ್ಟುಗಳೇ. 14, 19 ಬಿಡಿಯಾಗಿ ಬೇಕಂದರೆ ಆನ್‌ಲೈನ್‌ನಲ್ಲೇ ತರಿಸಬೇಕು. ಆದರೆ ಸಾದಾ ತಂತಿಗೆ ಇನ್ನೊಂದು ದಾರಿ ಇದೆ. ಸಿತಾರ್ ತಂತಿಗಳನ್ನು ನಂಬರಿನ ಮೇಲೆ ಮಾರುತ್ತಾರೆ. ಅದು ಉಕ್ಕಿನ ತಂತಿಯ ಹಳೆಯ ನಂಬರು. 3 ಅಂದರೆ 12 ಗೇಜ್, 4 ಅಂದರೆ 13, 5 ಅಂದರೆ 14, 6 ಅಂದರೆ 16. ಹಳೆಯ ಮೇಷ್ಟ್ರುಗಳು "ಐದನೇ ನಂಬರ್ ತಂತಿ ಹಾಕು" ಅನ್ನುತ್ತಿದ್ದುದು ಇದೇ 14ಕ್ಕೆ. ಒಂದೇ ತೊಡಕು, ಸಿತಾರ್ ತಂತಿಗೆ ಗಿಟಾರಿನ ಹಾಗೆ ತುದಿಯಲ್ಲಿ ಗುಂಡು ಇರುವುದಿಲ್ಲ. ಹಳೇ ಗಿಟಾರ್ ತಂತಿಯಿಂದ ಆ ಹಿತ್ತಾಳೆ ಗುಂಡು ಬಿಡಿಸಿಟ್ಟುಕೊಳ್ಳಿ. ಹೊಸ ತಂತಿಯನ್ನು ಅದರ ತೋಡಿನಲ್ಲಿ ಸುತ್ತಿ ತಂದು, ಗುಂಡಿಗೆ ಒಂದು ಮೊಳೆ ತೂರಿಸಿ ಹಿಡಿದು, ತುದಿಯನ್ನು ಮೈತಂತಿಯ ಮೇಲೆ ಒತ್ತೊತ್ತಾಗಿ ಹೊಸೆಯಬೇಕು. ಹೊಸೆತ ಒಂದರ ಮೇಲೊಂದು ಹತ್ತಬಾರದು, ಪಕ್ಕಪಕ್ಕ ಕೂರಬೇಕು. ಕೊನೆಯ ಸುತ್ತನ್ನು ಇಕ್ಕಳದಲ್ಲಿ ಅದುಮಿ, ಮಿಕ್ಕ ಚೂಪನ್ನು ಬುಡಕ್ಕೆ ಕತ್ತರಿಸಬೇಕು, ಇಲ್ಲಾಂದರೆ ಬೆರಳು ಕೊಯ್ಯುತ್ತದೆ. ಹೊಸೆತ ಬ್ರಿಡ್ಜಿನ ಮೂಳೆಯ ಮೇಲೆ ಬರದ ಹಾಗೆ ಚಿಕ್ಕದಾಗಿರಲಿ. ಅಲ್ಲಿ ಬಂದರೆ ತಂತಿ ಝುಂಯ್ ಅನ್ನುತ್ತದೆ.

ಪಿಕಪ್ (ತಂತಿಯ ಕಂಪನ ಹಿಡಿದು ಸ್ಪೀಕರಿಗೆ ಕಳಿಸುವ ಸಾಧನ) ಹಾಕಿದವರಿಗೆ ಸಣ್ಣ ಸೂಚನೆ. ಅಯಸ್ಕಾಂತದ ಪಿಕಪ್ಪಿಗೆ ಕಂಚಿನ ಸುತ್ತು ಕಾಣುವುದಿಲ್ಲ, ಒಳಗಿನ ಉಕ್ಕಿನ ಎಳೆ ಮಾತ್ರ ಕಾಣುತ್ತದೆ. ಹಾಗಾಗಿ ಸುತ್ತು ತಂತಿಗಳ ಸದ್ದು ಕುಗ್ಗುತ್ತದೆ. ಅದಕ್ಕೆ ನಿಕಲ್ ಸುತ್ತಿನ ತಂತಿಯೇ ಬೇಕು. ಮೈಕ್ ಎದುರು ನುಡಿಸುವವರಿಗೆ ಕಂಚು ಚೆನ್ನ.

ಇನ್ನು ಗಂಧಾರದ ನಿಖರ ಜಾಗ. ಮೊಬೈಲಿನ ಟ್ಯೂನರ್ ತೋರಿಸುವ ಎಫ್ ಶಾರ್ಪ್ ಷಡ್ಜದಿಂದ 400 ಸೆಂಟ್ ಮೇಲಿದೆ. ತಂಬೂರಿಯಿಂದ ತಾನಾಗಿ ಹೊಮ್ಮುವ ಗಂಧಾರ 386ರಲ್ಲಿದೆ. ಪೇಟಿಯ ಗಂಧಾರ ಸಾಮಾನ್ಯವಾಗಿ ಟ್ಯೂನರಿನದ್ದೇ. ಒಮ್ಮೆ ನಾನು ತಂಬೂರಿ ಕೇಳಿ ಕೂಡಿಸಿಕೊಂಡು ಕೂತಾಗ ನಮ್ಮ ಪೇಟಿ ಮಾಸ್ತರರು ಬಗ್ಗಿ, "ಏನ್ರೀ, ನಿಮ್ಮ ಗಂಧಾರ ಸ್ವಲ್ಪ ಇಳಿದೈತಲ್ರೀ" ಅಂದರು. "ನಿಮ್ದು ಏರೈತ್ರೀ ಮಾಸ್ತರ" ಅಂದೆ. ಇಬ್ಬರ ಕಿವಿಯೂ ಸರಿಯಾಗಿಯೇ ಇತ್ತು. ಬಾರ್ ಇರುವ ಕೈಗೆ ಎರಡು ಕಡೆಯೂ ಹೋಗುವ ಸ್ವಾತಂತ್ರ್ಯ ಇದೆ, ಬಿಟ್ಟ ತಂತಿಗೆ ಇಲ್ಲ. ಪೇಟಿ ಜೊತೆ ಇರುವ ದಿನ ಮೂರನೇ ತಂತಿಯನ್ನು ಪೇಟಿಗೇ ಕೂಡಿಸುತ್ತೇನೆ, ಇಲ್ಲವೇ ಮಧ್ಯಮಕ್ಕೆ ಏರಿಸಿ ಜಗಳವೇ ಬೇಡ ಅನ್ನುತ್ತೇನೆ. ಬರೀ ತಂಬೂರಿ ಇದ್ದ ದಿನ ಟ್ಯೂನರ್ ಆರಿಸಿಟ್ಟು ಕಿವಿಯಿಂದ ಇಳಿಸುತ್ತೇನೆ. ಮೊದಲ ಸಲ ಹಾಗೆ ಮಾಡುವವರು ನಿಧಾನಕ್ಕೆ ಕೀ ತಿರುಗಿಸಿ. ಷಡ್ಜದ ಜೊತೆ ಮೀಟಿದಾಗ ಅಲೆಅಲೆಯಾಗಿ ಕೇಳುವ ಸದ್ದು ನಿಧಾನವಾಗುತ್ತಾ ಬಂದು ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿಗೆ ಕೀ ಬಿಡಿ.

ಕೊನೆಯದಾಗಿ, ಹೊಸದಾಗಿ ಸೆಟ್ಟು ಕಟ್ಟುವವರು ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕಿಲ್ಲ. ಸುತ್ತು ತಂತಿಗಳಿಗೆ 13ರ ಸೆಟ್ಟೊಂದು ತರಿಸಿ. ಅದರ ದಪ್ಪ ತಂತಿಗಳು ನನ್ನ ಲೆಕ್ಕಕ್ಕೆ ಸುಮಾರಾಗಿ ಹತ್ತಿರ ಬರುತ್ತವೆ, ಕೆಲವು ಸ್ವಲ್ಪ ದಪ್ಪ ಇರುತ್ತವೆ. ಮೊದಲೆರಡನ್ನು ಮಾತ್ರ ಬಿಡಿಯಾಗಿ ಬದಲಾಯಿಸಿ. ಮೊದಲನೆಯದನ್ನು ಎರಡೆರಡು ತರಿಸಿಕೊಳ್ಳಿ, ನಮ್ಮ ಬೆವರಿಗೆ ತುಕ್ಕು ಹಿಡಿಯುವುದು ಅದಕ್ಕೇ ಮೊದಲು. ಆರನೆಯದು ಬಾರ್ ಕೆಳಗೆ ಇನ್ನೂ ಜೋಲುತ್ತದೆ ಅನ್ನಿಸಿದರೆ 56ರ ಬದಲು 59 ಹಾಕಿ ನೋಡಿ. ನಟ್ಟಿನ ಕಚ್ಚು ಅಷ್ಟು ದಪ್ಪ ತಂತಿಗೆ ಸಾಲದಿದ್ದರೆ ಸಣ್ಣ ಅರದಿಂದ ಚೂರು ಉಜ್ಜಿದರೆ ಸಾಕು.